ಆಯಿ ಕಟ್ಟಿದ ಪೆನ್ಸಿಲ್ ಕಟ್ಟು

ಏನೂ ಎಡವಟ್ಟಾಗದೆ ನಾವು ಚೀಲ ತುಂಬಿದ ವರ್ಷ ಒಂದೂ ಇಲ್ಲ. ಎಡವಟ್ಟಾಗುತ್ತದೆ, ಹೊಟ್ಟೆ ಹಿಡಿದುಕೊಂಡು ನಗುತ್ತೇವೆ, ಮುಂದಿನ ವರ್ಷ ಹುಷಾರಾಗಿರಬೇಕು ಅಂದುಕೊಳ್ಳುತ್ತೇವೆ. ಮುಂದಿನ ವರ್ಷ ಬೇರೆಯದೇ ಎಡವಟ್ಟು ಬಂದು ಬಾಗಿಲು ತಟ್ಟುತ್ತದೆ.

ಚೀಲ ಅಂದರೆ ಶಾಲೆಯ ಚೀಲ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ಹಾದಿಯಲ್ಲಿ ನಮ್ಮೂರು. ಊರಿಗೊಂದು ಪುಟ್ಟ ಚರ್ಚು, ಅದರ ಹಿಂದೆ ತಗಡಿನ ಸೂರಿನ ಒಂದು ದೊಡ್ಡ ಕೋಣೆ. ಅಲ್ಲಿ ಚರ್ಚಿನವರ ಮಕ್ಕಳ ಕೇಂದ್ರ ನಡೆಯುತ್ತದೆ. ಸಂಜೆ ಪಾಠ, ವಾರಕ್ಕೊಮ್ಮೆ ಮೊಟ್ಟೆ, ವರ್ಷಕ್ಕೊಮ್ಮೆ ಶಾಲೆಯ ಸಾಮಾನು. ಬರುವ ಮಕ್ಕಳು ಬೀಡಿ ಕಟ್ಟುವವರ ಮನೆಯವರು, ಹೊಲಗೆಲಸದವರ ಮನೆಯವರು. ಯಾವ ದೇವರಿಗೆ ಕೈ ಮುಗಿಯುತ್ತೀರಿ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ನಾನು ಸಂಜೆ ಪಾಠ ಹೇಳುವವಳು, ಎಲ್ಲರ ಬಾಯಲ್ಲೂ 'ಅಕ್ಕಾರು'.

ದಾನಿಗಳು ದೂರದವರು. ಮನಸ್ಸು ದೊಡ್ಡದು, ನಮ್ಮೂರಿನ ಬಿಸಿಲಿನ ಅಂದಾಜು ಕಡಿಮೆ. ಒಂದು ವರ್ಷ ಮೇ ತಿಂಗಳಲ್ಲಿ ಉಣ್ಣೆಯ ಕೈಗವಸು ಬಂದವು. ಕೊಡದೆ ಇರಲು ಮನಸ್ಸಾಗದೆ ಹಂಚಿದೆವು. ಆ ವರ್ಷವಿಡೀ ನಮ್ಮೂರಿನ ತಾಯಂದಿರು ಒಲೆಯ ಮೇಲಿನ ಬೋಗುಣಿಯನ್ನು ಕೈ ಸುಟ್ಟುಕೊಳ್ಳದೆ ಇಳಿಸಿದರು.

ಸಾಮಾನು ಬಂದಮೇಲೆ ಅದನ್ನು ಬಿಚ್ಚಿ, ವಿಂಗಡಿಸಿ, ಒಂದೊಂದು ಮಗುವಿನ ಚೀಲಕ್ಕೆ ತುಂಬುವುದು ಊರಿನ ಹೆಂಗಸರ ಕೆಲಸ. ಮೂರು ವಾರ ಹಿಡಿಯುತ್ತದೆ. ಸಂಬಳವಿಲ್ಲ, ಚಹಾ ಉಂಟು. ಈ ಹೆಂಗಸರಿಗೆಲ್ಲ ಹಿರಿಯಳು ನಮ್ಮ ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ; ಈಕೆ ಇಡೀ ಊರಿಗೇ ಆಯಿ. ವಯಸ್ಸಿದ್ದಾಗ ನಿಪ್ಪಾಣಿಯ ಬೀಡಿ ಕೆಲಸದಲ್ಲಿ ಬೆರಳು ಸವೆಸಿದವಳು. ಈಗ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ, ಯಾವುದಕ್ಕೂ ಕೊರತೆಯಿಲ್ಲ. ಆಕೆಯ ದುಃಖವೇ ಬೇರೆ.

"ಮನ್ಯಾಗ ಕಸಬರಗಿ ಹಿಡದ್ರೂ ಕಸಗೋತಾರ್ರಿ ಅಕ್ಕಾರ," ಅನ್ನುತ್ತಿದ್ದಳು. "ಸುಮ್ನ ಕುಂಡ್ರಬೇ ಆಯಿ, ಸುಮ್ನ ಕುಂಡ್ರಬೇ ಆಯಿ. ವರ್ಷದಾಗ ಈ ಮೂರು ವಾರ ಅಷ್ಟ ನೋಡ್ರಿ, ಯಾರೂ ನನಗ ಸುಮ್ನ ಕುಂಡ್ರು ಅನ್ನಂಗಿಲ್ಲ."

ಹೋದ ವರ್ಷ ಆ ಮೂರು ವಾರಕ್ಕೇ ಕುತ್ತು ಬಂತು. ಬೆಂಗಳೂರಿನ ಮುಖ್ಯ ಕಚೇರಿಯಿಂದ ನಮ್ಮ ಪಾಸ್ಟರರಿಗೆ ಫೋನು: ಇನ್ನು ಮುಂದೆ ತುಂಬಿ, ಮುಚ್ಚಿ, ಸಿದ್ಧವಾದ ಚೀಲಗಳನ್ನೇ ಕಳಿಸುವ ಯೋಚನೆ ಇದೆ, ನಿಮ್ಮವರು ಕಷ್ಟಪಡಬೇಕಾಗಿಲ್ಲ, ತೀರ್ಮಾನಕ್ಕೆ ಮುಂಚೆ ಒಬ್ಬ ಮೇಡಂ ಬಂದು ನಿಮ್ಮ ಕೆಲಸ ನೋಡುತ್ತಾರೆ. ಸುದ್ದಿ ಕೇಳಿ ಆಯಿ ಎರಡು ದಿನ ಚಹಾ ಕುಡಿಯಲಿಲ್ಲ. ನಾನು ಹೆಂಗಸರನ್ನೆಲ್ಲ ಕೂರಿಸಿ, ಈ ವರ್ಷ ಒಂದೂ ಎಡವಟ್ಟಾಗಕೂಡದು ಎಂದು ಬುದ್ಧಿ ಹೇಳಿದೆ. ಹಾಗೆ ಹೇಳಿದ್ದೇ ತಪ್ಪಾಯಿತೇನೋ.

ತಿಂದುಬಿಟ್ಟ ಪಾದ

ಮೊದಲ ಎಡವಟ್ಟು ಪಾಸ್ಟರರದೇ. ಅವರು ಕರಾವಳಿಯವರು, ನಮ್ಮೂರಿಗೆ ಬಂದು ವರ್ಷವೂ ಆಗಿರಲಿಲ್ಲ. ಒಳ್ಳೆಯ ಮನುಷ್ಯ. ಪುಸ್ತಕದ ಹಾಗೆ ಮಾತಾಡುತ್ತಾರೆ, ಯಾರು ಏನು ಕೊಟ್ಟರೂ ಬೇಡ ಅನ್ನುವುದಿಲ್ಲ. ಈ ಎರಡನೆಯ ಗುಣವೇ ಮುಳುವಾಯಿತು.

ಚೀಲದ ಜೊತೆ ಬೂಟನ್ನೂ ಕೊಡುತ್ತೇವೆ, ಅದಕ್ಕೆ ಪಾದದ ಅಳತೆ ಬೇಕು. ಮೇ ತಿಂಗಳಲ್ಲಿ ಅರ್ಧ ಮಕ್ಕಳು ಅಜ್ಜನ ಊರಿಗೆ ಹೋಗಿರುತ್ತಾರೆ. ಅಳತೆ ಕಳಿಸಿ ಎಂದು ಫೋನ್ ಮಾಡಿದೆವು. ಒಬ್ಬರು ದಾರ ಕಳಿಸಿದರು, ಒಬ್ಬರು ಜೋಳದ ದಂಟು. ರಾಯಬಾಗದ ಕಡೆಯ ಒಬ್ಬ ಅಜ್ಜ, ಮೊಮ್ಮಗನನ್ನು ಕಬ್ಬಿನ ಬದುವಿನ ಮೇಲೇ ನಿಲ್ಲಿಸಿ, ಕೈಗೆ ಸಿಕ್ಕ ಕಬ್ಬನ್ನೇ ಪಾದದ ಉದ್ದಕ್ಕೆ ಸರಿಯಾಗಿ ಕಡಿದು, ಬಸ್ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದ.

ಅದನ್ನು ಇಸಿದುಕೊಳ್ಳಲು ಪಾಸ್ಟರರು ಬಸ್ ಸ್ಟ್ಯಾಂಡಿಗೆ ಹೋದರು. ಮಟಮಟ ಮಧ್ಯಾಹ್ನ. ಬರಿಗೈಯಲ್ಲಿ ಬಂದರು.

"ರಾಯಬಾಗದ ಅಳತೆ ಎಲ್ಲಿ?" ಅಂದೆ.

"ಅಳತೆ ಕೊಡಲಿಲ್ಲ ಅಕ್ಕ. ಕಂಡಕ್ಟರರು ಒಂದು ತುಂಡು ಕಬ್ಬು ಕೊಟ್ಟರು. ರಾಯಬಾಗದ ಅಜ್ಜ ನಿಮಗೆ ಕೊಟ್ಟಿದ್ದಾರೆ ಅಂದರು. ಬಿಸಿಲಲ್ಲಿ ತಂಪಾಯಿತು."

ಆಯಿ ಮೆಲ್ಲಗೆ ಕೇಳಿದಳು: "ಎಡಗಾಲು ತಿಂದ್ರೋ, ಬಲಗಾಲು ತಿಂದ್ರೋ?"

ಪಾಸ್ಟರರ ಮುಖ ನೋಡುವ ಹಾಗಿರಲಿಲ್ಲ. ನಾನೇ ಅಜ್ಜನಿಗೆ ಫೋನ್ ಮಾಡಿ, ಅಳತೆ ಕಳೆದುಹೋಗಿದೆ, ಇನ್ನೊಂದು ಕಳಿಸಿ ಅಂದೆ. ಅಜ್ಜ ಜಾಣ.

"ಕಳದಿಲ್ರಿ, ತಿಂದಾರ. ಕಂಡಕ್ಟರ ಹೇಳಿದ," ಅಂದ.

ಮರುದಿನ ಅದೇ ಬಸ್ಸಿಗೆ ಒಂದು ಹೊರೆ ಕಬ್ಬು ಬಂತು. ಅದರ ನಡುವೆ ಒಂದು ಚಿಕ್ಕ ಒಣ ಕಟ್ಟಿಗೆ ಕಟ್ಟಿದ್ದ. ಕಂಡಕ್ಟರ್ ಬಸ್ಸಿನ ಬಾಗಿಲಲ್ಲಿ ನಿಂತು, ಸಂತೆಯವರಿಗೆಲ್ಲ ಕೇಳುವ ಹಾಗೆ ಪಾಸ್ಟರರಿಗೆ ಅಜ್ಜನ ಮಾತು ಮುಟ್ಟಿಸಿದ: "ಉದ್ದಂದು ತಿನ್ನಾಕಂತ್ರಿ, ಗಿಡ್ಡಂದು ಕಾಲಿಗಂತ."

ಬಿಚ್ಚುವುದು, ಕಟ್ಟುವುದು

ಮೇಡಂ ಬಂದರು. ಜೋರಿನವರಿರಬೇಕು ಎಂದು ಹೆದರಿದ್ದೆವು. ಹಾಗಿರಲಿಲ್ಲ. ಮೆದು ಮಾತು, ಅಚ್ಚುಕಟ್ಟು ಸೀರೆ, ಕೈಯಲ್ಲೊಂದು ಬಿಸಿನೀರಿನ ಫ್ಲಾಸ್ಕು. ಹೊರಗಿನ ಊರಿನಲ್ಲಿ ಏನೂ ತಿನ್ನದ ರೂಢಿಯಂತೆ. ಚಹಾ ಬೇಡ, ಚುರುಮುರಿ ಬೇಡ. ಆಯಿಗೆ ಅದೇ ಚಿಂತೆ.

"ಬರೇ ಬಿಸಿನೀರು ಕುಡದು ಎಷ್ಟಂತ ತಡೀತಾಳ ಈ ಕೂಸು?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಕೂಸಿಗೆ ನಲವತ್ತೈದಾದರೂ ಆಗಿತ್ತು.

ಮೇಡಂ ಬಂದು ಕೂತದ್ದು ಸರಿಯಾಗಿ ಆಯಿಯ ಮುಂದೆ. ಆಯಿಯ ಕೆಲಸ ಪೆನ್ಸಿಲ್ ಕಟ್ಟುವುದು. ಇದಕ್ಕೊಂದು ಹಿನ್ನೆಲೆ ಇದೆ. ಬೀಡಿಯ ಕಟ್ಟಿನಲ್ಲಿ ಇಪ್ಪತ್ತೈದು ಬೀಡಿ. ಬದುಕಿನುದ್ದಕ್ಕೂ ಅದನ್ನೇ ಕಟ್ಟಿದ ಆಯಿಯ ಬೆರಳು ಇಪ್ಪತ್ತೈದಕ್ಕಲ್ಲದೆ ನಿಲ್ಲುವುದಿಲ್ಲ. ಮಗುವಿಗೆ ಹತ್ತು ಪೆನ್ಸಿಲ್ ಸಾಕು ಎಂದು ಹಿಂದೆ ಎಷ್ಟೋ ಹೇಳಿ ನೋಡಿದೆವು. ಹತ್ತಕ್ಕೆ ನಿಲ್ಲಿಸಿದರೆ ಆಕೆಗೆ ಮೈಯೆಲ್ಲ ಕಸಿವಿಸಿ. ಕಡೆಗೆ ನಾವೇ ಸೋತು ಲೆಕ್ಕ ಬದಲಿಸಿದೆವು: ಮಗುವಿಗೆ ಬರೆಯುವ ಪೆನ್ಸಿಲ್ ಒಂದು ಡಜನ್, ಬಣ್ಣದವು ಒಂದು ಡಜನ್, ಮೇಲೊಂದು ಪೆನ್ನು. ಇಪ್ಪತ್ತೈದಾಯಿತು. ಮಕ್ಕಳಿಗೂ ಸಂತೋಷ, ಆಯಿಗೂ ಸಂತೋಷ.

ಮೇಡಂ ನೋಡುತ್ತಿದ್ದ ಹಾಗೆಯೇ ಆಯಿ ಪೆನ್ಸಿಲಿನ ಡಬ್ಬಗಳನ್ನು ಹರಿದು ಸುರುವಿದಳು, ಎಣಿಸದೆ ಹಿಡಿದಳು, ಮೊನೆಯೂ ಕಾಣದ ಹಾಗೆ ಕಾಗದ ಸುತ್ತಿದಳು, ದಾರ ಬಿಗಿದಳು, ಉಗುರಿನಿಂದ ತುದಿ ಒಳಗೆ ತುರುಕಿದಳು.

ಮೇಡಂ ನಯವಾಗಿ ಕೇಳಿದರು: "ಅಜ್ಜಿ, ಇವು ಡಬ್ಬದಲ್ಲಿ ಹನ್ನೆರಡು ಹನ್ನೆರಡು ಚೆನ್ನಾಗಿಯೇ ಜೋಡಿಸಿದ್ದವಲ್ಲ. ಬಿಚ್ಚಿ ಮತ್ತೆ ಕಟ್ಟುವುದು ಯಾಕೆ?"

ಪ್ರಶ್ನೆ ನ್ಯಾಯವಾದದ್ದೇ. ಇಷ್ಟು ವರ್ಷ ಅದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಆಯಿ ಕೈ ನಿಲ್ಲಿಸದೆ, ಪಾಪದ ಹುಡುಗಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬ ಮರುಕದಿಂದ ಉತ್ತರ ಕೊಟ್ಟಳು.

"ಬಿಚ್ಚಲಿಲ್ಲಂದ್ರ ಕಟ್ಟೂದು ಹೆಂಗ್ರಿ?"

ಮೇಡಂ ಸ್ವಲ್ಪ ಹೊತ್ತು ನೋಡಿ, ಒಂದು ಕಟ್ಟು ತಾವೂ ಕಟ್ಟಲು ಹೋದರು. ಎತ್ತಿದ ಕೂಡಲೇ ಪೆನ್ಸಿಲ್ಲುಗಳೆಲ್ಲ ಜಾರಿ ಮಡಿಲಿಗೆ ಬಿದ್ದವು. ಆಯಿ ಅವನ್ನು ಆರಿಸಿಕೊಳ್ಳುತ್ತ, "ಇರ್ಲಿ ಬಿಡ್ರಿ, ನೀವು ಬಿಚ್ಚೂದು ಚಲೋ ಮಾಡ್ತೀರಿ," ಎಂದು ಸಮಾಧಾನ ಹೇಳಿದಳು.

ಚೀಲಕ್ಕೆ ದೃಷ್ಟಿ

ಚೀಲ ಹಂಚಿದ ಮರುದಿನ ಪ್ರತಿ ಮಗುವನ್ನೂ ಚೀಲದ ಜೊತೆ ನಿಲ್ಲಿಸಿ ಫೋಟೋ ತೆಗೆದು ದಾನಿಗಳಿಗೆ ಕಳಿಸಬೇಕು. ನಗುವ ಫೋಟೋ ಬೇಕು. ನಮ್ಮ ಮಕ್ಕಳು ದಿನವಿಡೀ ನಗುತ್ತವೆ, ಫೋಟೋ ಅಂದರೆ ಮಾತ್ರ ಆಧಾರ್ ಕಾರ್ಡಿಗೆ ನಿಂತ ಹಾಗೆ ನಿಲ್ಲುತ್ತವೆ. ಪಾಸ್ಟರರು ಕುಣಿದರು, ಹಾಡಿದರು, ಕೋಳಿಯ ಹಾಗೆ ಕೂಗಿದರು. ಮಕ್ಕಳು ಗಂಭೀರವಾಗಿ ನೋಡಿದವು. ಬಾಗಿಲಲ್ಲಿದ್ದ ತಾಯಂದಿರು ಬಿದ್ದು ಬಿದ್ದು ನಕ್ಕರು. ಅವರ ಫೋಟೋ ಯಾರಿಗೂ ಬೇಕಾಗಿರಲಿಲ್ಲ.

ಫೋಟೋ ಹೋದ ವಾರಕ್ಕೆ ಮೇಡಂ ಫೋನು. "ಎಲ್ಲ ಚೀಲಗಳ ಮೇಲೂ ಒಂದೇ ಜಾಗದಲ್ಲಿ ಕಪ್ಪು ಕಲೆ ಇದೆಯಲ್ಲ. ಮಾಲೇ ಕೆಟ್ಟದ್ದು ಬಂದಿದೆಯೇ?"

ಪಾಸ್ಟರರು ಕಂಗಾಲಾಗಿ ಒಂದು ಹುಡುಗಿಯ ಮನೆಗೆ ಹೋಗಿ ಚೀಲ ನೋಡಿದರು. ನಾನೂ ಜೊತೆಗಿದ್ದೆ. ಚೀಲದ ಮೂಲೆಯಲ್ಲಿ ಕಾಡಿಗೆಯ ಬೊಟ್ಟು, ಕಾಸಿನಷ್ಟಗಲ.

"ಚೀಲಕ್ಕೆ ಯಾಕಮ್ಮ ದೃಷ್ಟಿ ಬೊಟ್ಟು? ಮಗುವಿಗೆ ಇಡುತ್ತಾರೆ, ಅದು ಗೊತ್ತು."

"ನಮ್ಮ ಹುಡುಗಿ ಮುಖಾ ಮಂದಿ ದಿನಾ ನೋಡ್ತಾರ್ರಿ ಪಾಸ್ಟರ," ಅಂದಳು ತಾಯಿ. "ಇಂಥಾ ಚೀಲ ಎಲ್ಲಿ ನೋಡ್ಯಾರ? ಹೊಟ್ಟಿಕಿಚ್ಚು ಬೀಳೂದು ಚೀಲದ ಮ್ಯಾಲ."

ಆ ಭಾನುವಾರ ಪಾಸ್ಟರರು ಮುಕ್ಕಾಲು ಗಂಟೆ ಉಪದೇಶ ಮಾಡಿದರು. ದೃಷ್ಟಿ ಎಂಬುದಿಲ್ಲ, ಕಾಯುವವನು ಮೇಲಿದ್ದಾನೆ, ಕಾಡಿಗೆಗೆ ಯಾವ ಶಕ್ತಿಯೂ ಇಲ್ಲ. ಎಲ್ಲರೂ ತಲೆದೂಗಿದರು. ಪ್ರಾರ್ಥನೆ ಮುಗಿದು ಹೊರಗೆ ಬಂದರೆ, ಪಾಸ್ಟರರ ಹೆಂಡತಿ ಆರು ತಿಂಗಳ ಮಗುವನ್ನು ಎತ್ತಿಕೊಂಡು ನಿಂತಿದ್ದಾರೆ. ಮಗುವಿನ ಬಲಗೆನ್ನೆಯ ಮೇಲೆ ಬೊಟ್ಟು, ನಮ್ಮ ಚೀಲದ್ದಕ್ಕಿಂತ ದೊಡ್ಡದು.

ನಾವೆಲ್ಲ ಮಗುವನ್ನು ನೋಡಿದೆವು, ಆಮೇಲೆ ಪಾಸ್ಟರರನ್ನು ನೋಡಿದೆವು. ಪಾಸ್ಟರರು ಆಕಾಶ ನೋಡಿದರು.

"ಅದು... ಊರಿನಿಂದ ನನ್ನ ಅಮ್ಮ ಬಂದಿದ್ದಾರೆ," ಅಂದರು.

ಮಾಸ್ತರರ ಜಪ್ತಿ

ಶಾಲೆ ಶುರುವಾಯಿತು. ಎರಡನೆಯ ದಿನವೇ ಒಬ್ಬ ತಂದೆಗೆ ಶಾಲೆಯಿಂದ ಕರೆ ಬಂತು, ಕೆಲಸ ಬಿಟ್ಟು ತಕ್ಷಣ ಬರಬೇಕೆಂದು. ಆತ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವವನು. ಹೆದರಿ, ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದ.

ಹೊಸದಾಗಿ ಬಂದಿದ್ದ ಮಾಸ್ತರರು ಮೇಜಿನ ಖಾನೆಯಿಂದ ಒಂದು ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ಮೇಲಿಟ್ಟರು. "ನಿಮ್ಮ ಮಗ ಒಂದನೇ ಇಯತ್ತೆ. ಅವನ ಚೀಲದಾಗ ಇದು ಸಿಕ್ಕೈತಿ. ಅವನೊಬ್ಬನ ಅಲ್ಲ, ಆರು ಹುಡುಗರ ಚೀಲದಾಗ. ನೀವು ಮನ್ಯಾಗ ಸೇದತಿದ್ರ ಸೇದ್ರಿ, ಹುಡುಗರ ಕೈಯಾಗ ಯಾಕ ಕೊಡ್ತೀರಿ?"

ಮೊನೆ ಮುಚ್ಚಿ ಸುತ್ತಿದ ಕಾಗದ, ಬಿಗಿದ ದಾರ, ಒಳಗೆ ತುರುಕಿದ ತುದಿ. ಉದ್ದವೊಂದನ್ನು ಬಿಟ್ಟರೆ ಅಸಲು ಬೀಡಿಯ ಕಟ್ಟೇ. ಮಾಸ್ತರರು ಅದನ್ನು ಮುಟ್ಟಲೂ ಅಸಹ್ಯಪಟ್ಟು, ಸುತ್ತಿದ ಕಾಗದ ಬಿಚ್ಚದೆ ಮುಚ್ಚಿಟ್ಟಿದ್ದರು. ತಂದೆ ಕಟ್ಟನ್ನು ತಿರುಗಿಸಿ ನೋಡಿದ, ಹಲ್ಲಿನಿಂದ ದಾರ ಕಚ್ಚಿ ಹರಿದ. ಇಪ್ಪತ್ತನಾಲ್ಕು ಪೆನ್ಸಿಲ್ಲು, ಒಂದು ಪೆನ್ನು ಮೇಜಿನ ಮೇಲೆ ಉರುಳಿದವು. ಕೆಂಪು, ಹಳದಿ, ಹಸಿರು.

ಮಾಸ್ತರರು ನೋಡಿದರು. ನಾನು ಕಿಟಕಿ ನೋಡಿದೆ.

ತಂದೆಗೆ ಸಿಟ್ಟೇನೂ ಬರಲಿಲ್ಲ. ಉರುಳಿದ್ದನ್ನೆಲ್ಲ ಒಂದೊಂದಾಗಿ ಕೂಡಿಸಿ, ಒಂದು ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಎದ್ದ.

"ಸರ, ನಾ ಬೀಡಿ ಬಿಟ್ಟು ಭಾಳ ದಿನ ಆತ್ರಿ. ಕೆಲಸಾ ಬಿಡಿಸಿ ಕರಸೀರಿ, ಇದೊಂದಾದ್ರೂ ಇರ್ಲಿ."

ಹೊಳ್ಳಿ ಬಂದ ಚೀಲಗಳು

ನಗುತ್ತಿದ್ದ ನಮಗೆ ಪೆಟ್ಟು ಬಿದ್ದದ್ದು ಅದರ ಮುಂದಿನ ವಾರ. ಚೀಲಗಳ ಹೆಗಲಪಟ್ಟಿ ಒಂದರ ಹಿಂದೊಂದು ಕಿತ್ತು ಬರತೊಡಗಿದವು. ಹೊಲಿಗೆ ಹುಸಿ. ಬೊಟ್ಟು ಸಣ್ಣದಾಯಿತು ಎಂದರು ತಾಯಂದಿರು. ಮಾರಿದ ಅಂಗಡಿಯವರು ಮರ್ಯಾದಸ್ಥರು. ಎಲ್ಲ ಚೀಲ ಖಾಲಿ ಮಾಡಿ, ಝಾಡಿಸಿ ಕೊಡಿ, ಶನಿವಾರ ಟೆಂಪೋ ಕಳಿಸುತ್ತೇನೆ, ಬದಲಿ ಕೊಡುತ್ತೇನೆ ಅಂದರು. ಸುದ್ದಿ ಮುಖ್ಯ ಕಚೇರಿಗೂ ಮುಟ್ಟಿತು. ಮೇಡಂ ಅದೇ ಶನಿವಾರ ಬರುವುದಾಗಿ ಹೇಳಿದರು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಕಬ್ಬು ತಿಂದದ್ದು, ಕಾಡಿಗೆ ಇಟ್ಟದ್ದು, ಬೀಡಿಯ ಕಟ್ಟು, ಈಗ ಪಟ್ಟಿ. ಸಿದ್ಧ ಚೀಲ ತರಿಸಲು ಇನ್ನೇನು ಕಾರಣ ಬೇಕು? ಆಯಿ ಗೋಡೆಗೊರಗಿ ಕೂತಿದ್ದಳು. ಕೈಯಲ್ಲಿ ಕೆಲಸವಿರಲಿಲ್ಲ, ಸೆರಗಿನ ತುದಿಯನ್ನೇ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಚೀಲ ಖಾಲಿ ತನ್ನಿ ಎಂದು ಮಕ್ಕಳ ಕೈಯಲ್ಲಿ ಹೇಳಿ ಕಳಿಸಿದ್ದೆ. ಖಾಲಿ ಎಂಬುದನ್ನು ಒತ್ತಿ ಒತ್ತಿ ಹೇಳಿದ್ದೆ. ಶನಿವಾರ ಮೊದಲ ತಾಯಿ ಬಂದಳು. ಚೀಲ ಇಸಿದುಕೊಂಡರೆ ಕೈ ಜಗ್ಗಿತು.

"ಖಾಲಿ ತಾ ಅಂದಿದ್ದೆ ಅಲ್ಲೇನವಾ?"

"ಖಾಲೀನ ಐತ್ರಿ ಅಕ್ಕಾರ. ಪುಸ್ತಕ, ಪೆನ್ಸಿಲ್ ಎಲ್ಲಾ ತಗದೇನಿ."

ತೆರೆದರೆ ಕಂಠಮಟ್ಟ ಶೇಂಗಾ.

"ಮತ್ತ ಇದೇನು?"

ಆಕೆ ನನಗೆ ಬುದ್ಧಿ ನೆಟ್ಟಗಿದೆಯೇ ಎಂಬಂತೆ ನೋಡಿದಳು. "ಖಾಲಿ ಚೀಲ ಹೊಳ್ಳಿ ಹೆಂಗ ಕೊಡೂದ್ರಿ?"

ನನ್ನದೇ ತಪ್ಪು. ನಾನೂ ಇದೇ ಮಣ್ಣಿನವಳು. ಪಕ್ಕದ ಮನೆಯ ವಾಟಗ, ಅಂದರೆ ಬಟ್ಟಲು, ಹಿಂದಿರುಗಿಸುವಾಗ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುವುದು ನಮ್ಮ ತಾಯಿ ಕಲಿಸಿದ ಮೊದಲ ಪಾಠ. ಚೀಲಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಹೇಗೆ ತಿಳಿದೆನೋ.

ಎರಡನೆಯ ಚೀಲದಲ್ಲಿ ಬೆಲ್ಲ. ಮೂರನೆಯದರಲ್ಲಿ ಬದನೆಕಾಯಿ. ಒಂದರಲ್ಲಿ ಕುಂಬಳಕಾಯಿ, ಜಿಪ್ ಹತ್ತದೆ ಸೀರೆಯ ಅಂಚಿನಿಂದ ಬಿಗಿದಿದ್ದರು. ನಿಪ್ಪಾಣಿ ಕಡೆಯ ಒಬ್ಬ ತಾಯಿ ಮಂಡಕ್ಕಿ ತುಂಬಿದ ಚೀಲ ಕೊಡುತ್ತ ಮರಾಠಿಯಲ್ಲಿ, "ರಿಕಾಮೀ ಪಿಶವೀ ಪರತ ದೇತ ನಾಹೀತ," ಅಂದಳು.

"ಅವರು ಏನಂದರು?" ಎಂದು ಕೇಳಿದರು ಮೇಡಂ. ಯಾವಾಗ ಬಂದರೋ, ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಎಲ್ಲರೂ ಅಂದದ್ದನ್ನೇ ಅಂದಳು," ಅಂದೆ.

ಅಷ್ಟರಲ್ಲಿ ಮೂಲೆಯ ಚೀಲವೊಂದು ತಾನಾಗಿಯೇ ಸರಿಯಿತು. ಪಾಸ್ಟರರು ಧೈರ್ಯ ಮಾಡಿ ಜಿಪ್ ಎಳೆದರು. ಕೋಳಿಯೊಂದು ರೆಕ್ಕೆ ಬಡಿದು ಹಾರಿ, ಮೇಡಂ ತಲೆಯ ಮೇಲಿಂದ ಹೋಗಿ ಹಾರ್ಮೋನಿಯಂ ಮೇಲೆ ಕೂತಿತು. ಮೇಡಂ ಕುರ್ಚಿ ಹತ್ತಿದರು. ಕೋಳಿ ತಂದ ತಾಯಿ ಕೆಳಗಿನಿಂದಲೇ ಅಭಯ ಕೊಟ್ಟಳು: "ಅಂಜಬ್ಯಾಡ್ರಿ ಮೇಡಮ್ಮಾರ, ಮಂದಿಗಿ ಹೊಂದಿಕೊಂಡೈತಿ. ಮೊಟ್ಟಿ ದೊಡ್ಡವು ಇಡತೈತಿ."

ಕುರ್ಚಿಯಿಂದ ಇಳಿದ ಮೇಡಂ ನಗುವೋ ಗಾಬರಿಯೋ ತಿಳಿಯದ ಮುಖದಲ್ಲಿ ತಾವೂ ಚೀಲ ಇಸಿದುಕೊಳ್ಳಲು ನಿಂತರು. ಸಾಲಿನ ಕೊನೆಯಲ್ಲಿ ಒಬ್ಬಳು ಪುಟ್ಟ ಹುಡುಗಿ. ತಾಯಿ ಬೀಡಿ ಕಟ್ಟುವವಳು, ಆ ತಿಂಗಳು ಜ್ವರ ಬಂದು ಮಲಗಿದ್ದಳು. ಮೇಡಂ ಚೀಲ ತೂಗಿ ನೋಡಿ ನಿಟ್ಟುಸಿರಿಟ್ಟರು. "ಸದ್ಯ, ಇದೊಂದು ಖಾಲಿ ಇದೆ."

"ಇಲ್ರಿ," ಅಂದಳು ಹುಡುಗಿ. "ಮುಂದಿನ ಕಿಸೆದಾಗ ನೋಡ್ರಿ."

ಮುಂದಿನ ಕಿಸೆಯಲ್ಲಿ ಒಂದು ಕಡ್ಡಿಪೆಟ್ಟಿಗೆ. ಮೇಡಂ ಮೆಲ್ಲಗೆ ಜಗ್ಗಿ ತೆರೆದರು. ಒಳಗೆ ಕಡ್ಡಿ ಇರಲಿಲ್ಲ, ಸಕ್ಕರೆ ಇತ್ತು. ಅಂಚಿನವರೆಗೆ ತುಂಬಿ, ಬೆರಳಿನಿಂದ ಒತ್ತಿ ಸಮ ಮಾಡಿದ್ದರು.

ಹುಡುಗಿ ಮೇಡಂ ಮುಖವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಮೇಡಂ ಒಂದು ಚಿಟಿಕೆ ಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡರು. ನಮ್ಮೂರಿನಲ್ಲಿ ಅವರು ತಿಂದ ಮೊದಲ ಪದಾರ್ಥ ಅದು. ಹುಡುಗಿ ನಕ್ಕಳು. ಪಾಸ್ಟರರ ಕೈಯಲ್ಲಿ ಆಗ ಕ್ಯಾಮೆರಾ ಇರಲಿಲ್ಲ.

ಗೋಡೆಗೊರಗಿದ್ದ ಆಯಿ ಮೊಣಕಾಲಿಗೆ ಕೈ ಕೊಟ್ಟು ಎದ್ದಳು.

"ಬಾಯಿ ತಗದಾಳ," ಅಂದಳು. "ಬರ್ರಿ ಎಲ್ಲಾರೂ, ಮತ್ತ ಮುಚ್ಚೂದ್ರಾಗ ಉಣಸೂನು."

ಡಬ್ಬಿ

ಶೇಂಗಾ ಇತ್ತು, ಬೆಲ್ಲ ಇತ್ತು, ಕೈಗಳು ಬೇಕಾದಷ್ಟು ಇದ್ದವು. ಹೆಂಗಸರು ಶೇಂಗಾ ಸುಲಿದು, ಹುರಿದು, ಕುಟ್ಟಿ, ಸಂಜೆಯೊಳಗೆ ಶೇಂಗಾ ಹೋಳಿಗೆ ಮಾಡಿಯೇ ಬಿಟ್ಟರು. ಮೇಡಂ ನೆಲದ ಮೇಲೆ ಕೂತು ಶೇಂಗಾ ಸುಲಿದರು. ಬಿಚ್ಚುವುದನ್ನು ಚೆನ್ನಾಗಿ ಮಾಡುತ್ತಾರೆ ಎಂದು ಆಯಿ ಮೊದಲೇ ಹೇಳಿದ್ದಳಲ್ಲ. ಟೆಂಪೋದವನು ಖಾಲಿ ಚೀಲಗಳನ್ನೆಲ್ಲ ಹೇರಿಕೊಂಡು, ತಲೆ ಕೆರೆಯುತ್ತ ನಿಂತ. "ಮಾಲಕರಿಗಿ ಇಷ್ಟೂ ಚೀಲ ಖಾಲಿ ಒಯ್ಯೂದು ಚಲೋ ಕಾಣಂಗಿಲ್ರಿ," ಅಂದ. ಅವನಿಗೂ ಹೋಳಿಗೆ ಕಟ್ಟಿಕೊಟ್ಟೆವು. ಬದಲಿ ಚೀಲ ಹೇಳಿದ ದಿನಕ್ಕೆ ಬಂದವು, ಪಟ್ಟಿ ಗಟ್ಟಿಯಿದ್ದವು.

ಮೇಡಂ ಹೊರಡುವಾಗ ಆಯಿ ಮನೆಗೆ ಹೋಗಿ ದೊಡ್ಡದೊಂದು ಸ್ಟೀಲಿನ ಡಬ್ಬಿ ತಂದಳು. ಮುಚ್ಚಳದ ಮೇಲೆ ತೀರಿಹೋದ ಗಂಡನ ಹೆಸರು ಕೊರೆದಿತ್ತು. ಮೊದಲ ಸಲ ಬೋನಸ್ ಬಂದಾಗ ಆತ ತಂದುಕೊಟ್ಟದ್ದು. ಅದರ ತುಂಬ ಹೋಳಿಗೆ ಇಟ್ಟು ಮೇಡಂ ಕೈಗೆ ಕೊಟ್ಟು, ನೇರವಾಗಿಯೇ ಕೇಳಿದಳು: "ಬರೂ ವರ್ಷ ನಾವು ಚೀಲಾ ತುಂಬಾಕ ಬರೂದೋ, ಬ್ಯಾಡೋ?"

ಮೇಡಂ ತಲೆ ತಗ್ಗಿಸಿದರು. "ನನ್ನೊಬ್ಬಳ ಕೈಯಲ್ಲಿಲ್ಲ ಅಜ್ಜಿ. ಕೇಳಿ ಹೇಳುತ್ತೇನೆ."

ಕಾರು ಹೋದಮೇಲೆ ನಾನು ಗದರಿದೆ. "ಕಾಗದದಾಗ ಕಟ್ಟಿ ಕೊಟ್ಟಿದ್ರ ಆಗತಿತ್ತಲ್ಲಬೇ ಆಯಿ. ಆ ಡಬ್ಬಿ ಯಾಕ ಕೊಟ್ಟಿ?"

"ಕಾಗದದಾಗ ಕೊಟ್ರ ತಿಂದು ಒಗದು ಬಿಡ್ತಾರ್ರಿ. ಡಬ್ಬಿ ಕೊಟ್ರ ಹೊಳ್ಳಿ ಕೊಡಾಕ ಬರಬೇಕಾಗತೈತಿ," ಅಂದಳು ಆಯಿ. ಧ್ವನಿಯಲ್ಲಿ ಧೈರ್ಯವಿತ್ತು, ಕಣ್ಣಲ್ಲಿ ಇರಲಿಲ್ಲ.

ಮಳೆಗಾಲ ಕಳೆಯಿತು. ಡಬ್ಬಿಯೂ ಬರಲಿಲ್ಲ, ಉತ್ತರವೂ ಬರಲಿಲ್ಲ. ಸಂತೆಗೆ ಬಂದಾಗಲೆಲ್ಲ ಆಯಿ ಚರ್ಚಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಪಾಸ್ಟರರು, "ಕಚೇರಿಯಿಂದ ಇನ್ನೂ ಏನೂ ತಿಳಿಸಿಲ್ಲ ಆಯಿ," ಅನ್ನುತ್ತಿದ್ದರು. ಆಯಿ, "ಅದು ಇರ್ಲಿ ಬಿಡ್ರಿ, ಡಬ್ಬಿ ಸುದ್ದಿ ಹೇಳ್ರಿ," ಅನ್ನುತ್ತಿದ್ದಳು. ಎರಡೂ ಒಂದೇ ಸುದ್ದಿ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು.

ಕ್ರಿಸ್ಮಸ್ಸಿಗೆ ಮುಂಚೆ ಪಾಸ್ಟರರು ಬೆಂಗಳೂರಿನ ಸಭೆಗೆ ಹೋಗಿ ಬಂದರು. ಬಸ್ಸಿನಿಂದ ಇಳಿಯುವಾಗ ಎರಡೂ ಕೈಯಲ್ಲಿ ಡಬ್ಬಿ ಹಿಡಿದಿದ್ದರು. ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರಂತೆ.

"ಮೇಡಂ ಕೊಟ್ಟರು," ಅಂದರು. "ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ, ಅವರೇ ತೆರೆಯಲಿ ಅಂದರು. ನಾನು ತೆರೆದು ನೋಡಿಲ್ಲ."

"ಚಲೋ ಆತ್ರಿ, ತಿನ್ನೂದಿದ್ರ ಇಲ್ಲೀತನಕ ಮುಟ್ಟತಿರಲಿಲ್ಲ," ಅಂದಳು ಆಯಿ. ಪಾಸ್ಟರರು ಕಬ್ಬಿನ ನೆನಪಾಗಿ ಕೆಂಪಗಾದರು.

ಆಯಿ ನೆಲದ ಮೇಲೆ ಕೂತು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. ಗಂಡನ ಹೆಸರಿನ ಮೇಲೆ ಸೆರಗು ಆಡಿಸಿದಳು. ಮುಚ್ಚಳ ಬಿಗಿಯಾಗಿತ್ತು. ನಾನು ತೆಗೆಯಲು ಹೋದರೆ ಕೈ ಸರಿಸಿ, ತಾನೇ ತೆಗೆದಳು.

ಡಬ್ಬಿಯ ತುಂಬ ದಾರದ ಉಂಡೆ. ಆಯಿ ಪೆನ್ಸಿಲಿಗೆ ಸುತ್ತುವ ಅದೇ ಬಗೆಯ ದಾರ. ಒಂದು ವರ್ಷಕ್ಕಲ್ಲ, ಇನ್ನೂ ಎಷ್ಟೋ ವರ್ಷ ಚೀಲ ತುಂಬಿದರೂ ಮುಗಿಯದಷ್ಟು. ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹೆಂಗಸರಲ್ಲೊಬ್ಬಳು ಮೂಗು ಒರೆಸಿಕೊಂಡಳು. ನಾನಂತೂ ಅತ್ತೇ ಬಿಟ್ಟೆ.

ಆಯಿ ಅಳಲಿಲ್ಲ. ಉಂಡೆಗಳ ನಡುವೆ ಇನ್ನೇನೋ ಇತ್ತು. ಎತ್ತಿದಳು. ಪೆನ್ಸಿಲಿನ ಒಂದು ಕಟ್ಟು. ಕಾಗದ ಸೊಟ್ಟ, ದಾರ ಸಡಿಲ, ಒಳಗೆ ಹೋಗಬೇಕಾದ ತುದಿ ಬಾಲದ ಹಾಗೆ ಹೊರಗೆ. ಮೇಡಂ ತಾವೇ ಕಟ್ಟಿದ್ದು ಎಂದು ಬೇರೆ ಹೇಳಬೇಕಾಗಿರಲಿಲ್ಲ. ಆಯಿ ಅದನ್ನು ಅಂಗೈಯಲ್ಲಿಟ್ಟು ಒಮ್ಮೆ ಒತ್ತಿದಳು. ಹುಬ್ಬು ಗಂಟಾಯಿತು. ಹೆಬ್ಬೆರಳಿನಿಂದ ಒಂದೊಂದೇ ಸರಿಸಿ ಎಣಿಸಿದಳು.

"ಇಪ್ಪತ್ನಾಕು," ಅಂದಳು. "ಮ್ಯಾಲಿನ ಪೆನ್ನು ಮರತಾಳ."

"ಪಾಪ, ಮೊದಲ ಸಲ ಅಲ್ಲವೇ ಆಯಿ," ಅಂದರು ಪಾಸ್ಟರರು.

"ಹೌದ್ರಿ, ಮೊದಲನೇ ಸಲ ಎಲ್ಲಾರೂ ತಪ್ಪತಾರ. ಫೋನ್ ಹಚ್ಚಿ ಹೇಳ್ರಿ, ಬರೂ ವರ್ಷ ಬರಲಿ, ನನ್ನ ಬಾಜೂಕ ಕುಂಡ್ರಲಿ, ಕಲಸ್ತೀನಿ ಅಂತ." ಆಯಿ ಸಡಿಲ ಕಟ್ಟನ್ನು ಬಿಚ್ಚಿ, ತಾನೇ ಮತ್ತೆ ಕಟ್ಟತೊಡಗಿದಳು. "ಆದ್ರ ಸುಮ್ನ ಕುಂಡ್ರಾಕ ಬಿಡಂಗಿಲ್ಲ ಅಂತ ಈಗ ಹೇಳಿಬಿಡ್ರಿ."